ಆಹಾರಾಭ್ಯಾಸವೂ ಅರ್ಬುದರೋಗವೂ

ಕ್ಯಾನ್ಸರ್ ಎಂದು ಪ್ರಸಿದ್ಧವಾಗಿರುವ ಅರ್ಬುದರೋಗವು ಒಂದು ಜನಾಂಗದಲ್ಲಿ ಹೆಚ್ಚಾಗಿಯೂ ಇನ್ನೊಂದರಲ್ಲಿ ವಿರಳವಾಗಿಯೂ ಕಾಣಬರುವುದಕ್ಕೆ ಕಾರಣವು ಬೀಜದೋಷವೋ, ಆಹಾರಾಚಾರಗಳೋ ಎಂಬುದು ವಿಚಾರಾರ್ಹವಾದ ಪ್ರಶ್ನೆ. ಸ್ವದೇಶದಲ್ಲಿಯೇ ನೆಲೆಸಿದವರಲ್ಲಿ ಇವೆರಡೂ ಕೂಡಿಯೇ ಇರುವುದರಿಂದ ಬೇರ್ಪಡಿಸಿ ನೋಡುವುದು ದುಷ್ಕರ. ಬೀಜವು ಅದೇ ಆಗಿದ್ದು ಆಹಾರವು ಬೇರೆಯಾದಲ್ಲಿ ರೋಗದ ಗತಿಯೇನು? ತಾರ್ಕಿಕರ ಅನ್ವಯವ್ಯತಿರೇಕಪರೀಕ್ಷೆಗೆ ಇಂತಹ ಅವಕಾಶವನ್ನು ಒದಗಿಸಿಕೊಡುವವರು ದೇಶಾಂತರಕ್ಕೆ ಹೋಗಿ ನೆಲೆಸಿದ ಜನರು.

1885ರಿಂದ ಮೊದಲ್ಗೊಂಡು ಜಪಾನಿನ ಕೂಲಿಕಾರರು ಸಹಸ್ರಗಟ್ಟಲೆಯಾಗಿ ಹವಾಯಿ ದ್ವೀಪಗಳ ಕಬ್ಬಿನ ತೋಟಗಳಿಗೆ ಹೋದರು. ಅನಂತರ ಅನೇಕರು ಅಮೆರಿಕದ ಪಶ್ಚಿಮತೀರದಲ್ಲಿಯೂ ನೆಲೆಸಿದರು. ಜಪಾನಿನಲ್ಲಿ ಜಠರದ ಅರ್ಬುದವು ಬಹಳ. ದೊಡ್ಡ ಕರುಳಿನದು ಆಗ ವಿರಳ. ಅಮೆರಿಕದ ಬಿಳಿಯರಲ್ಲಿ ಇದಕ್ಕೆ ವಿಪರ್ಯಯ. ಹೇನ್ಸೆಲ್, ಕುರಿಹಾರ ಎಂಬ ಸಂಶೋಧಕರು ಈ ವಲಸೆಗಾರರ ಮರಣದ ದಾಖಲೆಗಳನ್ನು ಪರಿಶೀಲಿಸಿ 1968ರಲ್ಲಿ ತಮ್ಮ ನಿರ್ಣಯವನ್ನು ಪ್ರಕಟಿಸಿದರು. ಜಠರದ ರೋಗವು ವಲಸೆ ಹೋದವರಲ್ಲಿ ತುಸುವೇ ತಗ್ಗಿ, ಅಲ್ಲಿ ಹುಟ್ಟಿದ ಅವರ ಮಕ್ಕಳಲ್ಲಿ ಮತ್ತಷ್ಟು ತಗ್ಗಿತು. ದೊಡ್ಡ ಕರುಳಿನ ರೋಗವಾದರೋ ಮೊದಲ ತಲೆಮಾರಿನಲ್ಲಿಯೇ ಏರಿ ಆ ದೇಶದವರ ಮಟ್ಟವನ್ನು ಸಮೀಪಿಸಿತು.

ಈ ಗತಿಭೇದಕ್ಕೆ ಕಾರಣವುಂಟು. ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ರೋಗಾಣುವು ಬಹುಮಟ್ಟಿಗೆ ಬಾಲ್ಯದಲ್ಲಿಯೇ ಜಠರವನ್ನು ಸೇರುವುದು. ಉಪ್ಪಿನಲ್ಲಿಟ್ಟ ಮೀನು, ಕಾಯಿಪಲ್ಯಗಳ ಅತಿಸೇವನೆಯು ಜಠರದ ಒಳಪೊರೆಯನ್ನು ಕೆಡಿಸಿ ಅದಕ್ಕೆ ಸಹಕಾರಿಯಾಗುವುದು. ಆದಕಾರಣ ಬಾಲ್ಯದ ಸಂಸ್ಕಾರವು ದೇಶವನ್ನು ಬಿಟ್ಟರೂ ಬಿಡದು. ದೊಡ್ಡ ಕರುಳಿಗಾದರೋ ಪ್ರೌಢವಯಸ್ಸಿನ ಆಹಾರವೂ ಸಾಕು. ಕೆಡದಂತೆ ಸಂಸ್ಕರಿಸಿದ ಮಾಂಸವು ಈ ರೋಗಕ್ಕೆ ಕಾರಣವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆಯು 2015ರಲ್ಲಿ ನಿರ್ಧರಿಸಿದೆ. ಜಪಾನಿನಲ್ಲಿಯೇ ಉಳಿದವರಲ್ಲಿಯೂ ಪಾಶ್ಚಾತ್ಯ ಆಹಾರವು ಹರಡಿದ ಮೇಲೆ ದೊಡ್ಡ ಕರುಳಿನ ಅರ್ಬುದವು ಬಹಳವಾಗಿ ಹೆಚ್ಚಿತು.

ಇಲ್ಲಿ ಚರಕಸಂಹಿತೆಯ ವಿಮಾನಸ್ಥಾನದ ಪ್ರಥಮಾಧ್ಯಾಯವು ಸ್ಮರಣೀಯ. ಹಾಲನ್ನು ಸಹ ಉಪ್ಪಿನೊಡನೆ ಸೇವಿಸುವ ಬಾಹ್ಲೀಕ, ಸೌರಾಷ್ಟ್ರ, ಸಿಂಧು, ಸೌವೀರ ದೇಶಗಳ ಜನರ ದೌರ್ಬಲ್ಯವನ್ನು ಅಲ್ಲಿ ಅವರ ಕುಲಕ್ಕೆ ಆರೋಪಿಸದೆ ಉಪ್ಪಿನ ಅತಿಯೋಗಕ್ಕೆ ಆರೋಪಿಸಿದೆ. ಅಭ್ಯಾಸದಿಂದ ಸಾತ್ಮ್ಯವಾಗಿದ್ದರೂ ಅದನ್ನು ಕ್ರಮಕ್ರಮವಾಗಿ ಬಿಡುವುದೇ ಲೇಸೆಂದು ವಿಧಿಸಿದೆ. ಅಲ್ಲಿ ಅರ್ಬುದದ ಪ್ರಸ್ತಾಪವಿಲ್ಲ. ಆದರೆ ವಿಚಾರದ ಪದ್ಧತಿಯು ಇದೇ.

ಇದರಿಂದ ಬೀಜವು ಕಾರಣವೇ ಅಲ್ಲವೆಂದು ಸಿದ್ಧವಾಗದು. ಕೆಲವು ಕುಟುಂಬಗಳಲ್ಲಿ ಅದರ ಪ್ರಾಬಲ್ಯವು ಸ್ಪಷ್ಟವಾಗಿದೆ. ಜನಾಂಗಗಳಲ್ಲಿ ಕಾಣುವ ಭೇದವನ್ನೆಲ್ಲ ಬೀಜಕ್ಕೇ ಆರೋಪಿಸುವ ಪಕ್ಷವು ಮಾತ್ರ ನಿಲ್ಲದು. ಪೂರ್ವಿಕರ ಊಟವೆಲ್ಲ ಪಥ್ಯವೆಂಬ ಪಕ್ಷವೂ ನಿಲ್ಲದು; ಆ ವಲಸೆಗಾರರು ಹಳೆಯ ಊಟದೊಡನೆ ಒಂದು ರೋಗವನ್ನು ಕಳೆದುಕೊಂಡು, ಹೊಸ ಊಟದೊಡನೆ ಇನ್ನೊಂದನ್ನು ಪಡೆದರು.