ಒಂದೇ ಒಂದು ಫಲಕ ಬೇಕಾದಾಗ

ಕೃಷ್ಣರಾಜಪುರದ ಮನೆಯೊಂದರಲ್ಲಿ ಕಾಲೇಜು ವಿದ್ಯಾರ್ಥಿನಿಯೊಬ್ಬಳಿದ್ದಾಳೆಂದು ಭಾವಿಸೋಣ. ಅವರ ಬೀದಿಯ ನಲ್ಲಿಗಳಲ್ಲಿ ನೀರು ಬರುವುದು ದಿನ ಬಿಟ್ಟು ದಿನ. ಅದೂ ಹೊತ್ತಲ್ಲದ ಹೊತ್ತಿನಲ್ಲಿ. ಸಂಪು ತುಂಬಿ ನೀರು ಬೀದಿಗೆ ಹರಿದಮೇಲೆಯೇ ಮನೆಯವರಿಗೆ ಎಚ್ಚರವಾಗುವುದು. ಇದನ್ನು ತಪ್ಪಿಸಲು, ನೀರು ಒಂದು ಮಟ್ಟಕ್ಕೆ ಏರಿದೊಡನೆ ಕೂಗುವ ಉಪಕರಣವೊಂದನ್ನು ತಾನೇ ಮಾಡಬೇಕೆಂದು ಆಕೆಗೆ ಆಸೆ. ಇದಕ್ಕೆ ಬೇಕಾದುದೇನು? ಒಂದು ಟ್ರಾನ್ಸಿಸ್ಟರು, ಎರಡು ಮೂರು ರೋಧಕಗಳು, ಒಂದು ಬಜರು, ಒಂದು ಬ್ಯಾಟರಿ. ಇವೆಲ್ಲವೂ ಪೇಟೆಯ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಕೆಲವೇ ರೂಪಾಯಿಗಳಿಗೆ ದೊರೆಯುತ್ತವೆ.

ಮೇಜಿನ ಮೇಲೆ ತಂತಿಗಳನ್ನು ಸಿಕ್ಕಿಸಿ ಪರೀಕ್ಷಿಸಿದಾಗ ಉಪಕರಣವು ಚೆನ್ನಾಗಿಯೇ ಕೂಗುತ್ತದೆ. ಆದರೆ ಸಂಪಿನ ಪಕ್ಕದ ತೇವದ ಗೋಡೆಯ ಮೇಲೆ ಅದು ವರ್ಷಗಟ್ಟಲೆ ನಿಲ್ಲಬೇಕಾದರೆ ಸಿಕ್ಕಿಸಿದ ತಂತಿಗಳು ಸಾಲವು. ಭಾಗಗಳನ್ನೆಲ್ಲ ಗಟ್ಟಿಯಾದ ಫಲಕವೊಂದರ ಮೇಲೆ ಬೆಸೆಯಬೇಕು. ಇದೇ ಮುದ್ರಿತ ವಿದ್ಯುನ್ಮಂಡಲ ಫಲಕ. ಪೇಟೆಯ ಮಾತಿನಲ್ಲಿ ‘ಪಿ.ಸಿ.ಬಿ.’ ಇಂತಹ ಫಲಕ ಒಂದನ್ನು ಮಾತ್ರ ಮಾಡಿಕೊಡಿರೆಂದು ಕೇಳಿದರೆ, ಅದರ ಬೆಲೆ ಉಳಿದ ಭಾಗಗಳೆಲ್ಲದರ ಬೆಲೆಯನ್ನೂ ಮೀರಿಬಿಡುತ್ತದೆ. ಅಂಗೈಯಗಲದ ಹಲಗೆಗೆ ಇಷ್ಟು ಬೆಲೆ ಏಕೆ? ಅದನ್ನು ಇಳಿಸುವ ಬಗೆ ಹೇಗೆ?

ತಂತಿಯ ಬದಲು ಅಚ್ಚು

ಮೊದಲು ಈ ಫಲಕದ ಹುಟ್ಟನ್ನು ಸ್ವಲ್ಪ ತಿಳಿಯೋಣ. ರೇಡಿಯೋಗಳ ಮೊದಲ ಕಾಲದಲ್ಲಿ ಒಂದೊಂದು ಭಾಗವನ್ನೂ ಮತ್ತೊಂದಕ್ಕೆ ತಂತಿಯಿಂದ ಕೈಯಾರೆ ಜೋಡಿಸುತ್ತಿದ್ದರು. ನೂರು ಜೋಡಣೆಗಳಿದ್ದರೆ ನೂರು ತಂತಿಗಳು. ಅವುಗಳಲ್ಲಿ ಒಂದು ತಪ್ಪಿದರೂ ಉಪಕರಣ ಮೂಕ. ವಿಯೆನ್ನಾದಲ್ಲಿ 1907ರಲ್ಲಿ ಹುಟ್ಟಿದ ಪಾಲ್ ಐಸ್ಲರ್ ಎಂಬ ಎಂಜಿನಿಯರು 1936ರಲ್ಲಿ ಲಂಡನ್ನಿಗೆ ಬಂದು ನೆಲೆಸಿ, ತಂತಿಗಳ ಬದಲು ಹಲಗೆಗೆ ಅಂಟಿಕೊಂಡ ತೆಳುವಾದ ಲೋಹದ ಪಟ್ಟಿಗಳನ್ನು ಬಳಸಿ ರೇಡಿಯೋ ಒಂದನ್ನು ಮಾಡಿದನು. ಪುಸ್ತಕದ ಪುಟವನ್ನು ಅಚ್ಚುಮಾಡುವಂತೆ ವಿದ್ಯುತ್ತಿನ ದಾರಿಯನ್ನೂ ಅಚ್ಚುಮಾಡಬಹುದೆಂಬುದೇ ಆತನ ಮುಖ್ಯ ಕಲ್ಪನೆ. ಎರಡನೆಯ ಮಹಾಯುದ್ಧದ ತರುವಾಯ ಈ ಪದ್ಧತಿ ಲೋಕವನ್ನೆಲ್ಲ ವ್ಯಾಪಿಸಿತು.

ಬೆಂಗಳೂರಿನ ಪೂರ್ವ ಭಾಗವೂ ಈ ಬದಲಾವಣೆಯನ್ನು ಕಂಡಿದೆ. 1948ರಲ್ಲಿ ಇಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆ ಸ್ಥಾಪಿತವಾಯಿತು. ಅದರಿಂದಲೇ ಆ ಬಡಾವಣೆಗೆ ದೂರವಾಣಿನಗರವೆಂಬ ಹೆಸರು. ಮೊದಲ ದಶಕಗಳ ಟೆಲಿಫೋನು ವಿನಿಮಯ ಕೇಂದ್ರಗಳಲ್ಲಿ ಚಲಿಸುವ ಲೋಹದ ಕೈಗಳೂ ಜಡೆಯಂತೆ ಹೆಣೆದ ತಂತಿಯ ಕಟ್ಟುಗಳೂ ತುಂಬಿದ್ದವು. ಎಲೆಕ್ಟ್ರಾನಿಕ್ ವಿನಿಮಯ ಕೇಂದ್ರಗಳು ಬಂದಮೇಲೆ ಆ ಸ್ಥಾನವನ್ನು ಮುದ್ರಿತ ಫಲಕಗಳು ಆಕ್ರಮಿಸಿದವು. ಭಾರತೀಯ ವಿಜ್ಞಾನ ಮಂದಿರದಲ್ಲಿ 1970ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಸಹಕಾರದಿಂದ ಹುಟ್ಟಿದ ಎಲೆಕ್ಟ್ರಾನಿಕ್ ವಿನ್ಯಾಸ ಕೇಂದ್ರವು ಈ ವಿದ್ಯೆಯನ್ನು ಕ್ರಮವಾಗಿ ಕಲಿಸಿತು. ಆ ಕೇಂದ್ರದ ವಾಲ್ಟರ್ ಬೋಸ್‌ಹಾರ್ಟ್ ಬರೆದು 1983ರಲ್ಲಿ ಪ್ರಕಟವಾದ ಗ್ರಂಥವು ಭಾರತದ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಬಹುಕಾಲ ಆಧಾರವಾಗಿತ್ತು.

ಬೆಲೆ ಎಲ್ಲಿ ಅಡಗಿದೆ?

ಕಾವಲಿಯನ್ನು ಕಾಯಿಸಲು ತಗಲುವ ಉರಿ ಒಂದು ದೋಸೆಗೂ ಅಷ್ಟೇ, ನಲವತ್ತು ದೋಸೆಗೂ ಅಷ್ಟೇ. ಫಲಕಗಳ ಕಾರ್ಖಾನೆಯಲ್ಲಿಯೂ ಹೀಗೆಯೇ. ಚಿತ್ರವನ್ನು ಪರಿಶೀಲಿಸುವುದು, ಅದರ ಫಿಲ್ಮು ಅಥವಾ ಪರದೆಯನ್ನು ತಯಾರಿಸುವುದು, ರಂಧ್ರ ಕೊರೆಯುವ ಯಂತ್ರವನ್ನು ಅಣಿಗೊಳಿಸುವುದು – ಇವು ಸನ್ನಾಹದ ಕೆಲಸಗಳು. ತಾಮ್ರದ ಹಲಗೆಯ ಬೆಲೆ ಇವುಗಳ ಮುಂದೆ ಅಲ್ಪ.

ಲೆಕ್ಕಕ್ಕಾಗಿ ಸನ್ನಾಹದ ವೆಚ್ಚ 1,000 ರೂಪಾಯಿ, ಫಲಕವೊಂದರ ವೆಚ್ಚ 20 ರೂಪಾಯಿ ಎಂದು ಇಟ್ಟುಕೊಳ್ಳಿ. ಒಂದೇ ಫಲಕ ಮಾಡಿಸಿದರೆ ಅದರ ಬೆಲೆ 1,020 ರೂಪಾಯಿ. ಹತ್ತು ಮಾಡಿಸಿದರೆ ಒಟ್ಟು 1,200, ಎಂದರೆ ಒಂದಕ್ಕೆ 120. ನೂರು ಮಾಡಿಸಿದರೆ ಒಂದಕ್ಕೆ ಕೇವಲ 30. ಅಂದಮೇಲೆ ಒಂಟಿ ಫಲಕದ ಬೆಲೆ ತಾಮ್ರದಲ್ಲಿಲ್ಲ, ಸನ್ನಾಹದಲ್ಲಿದೆ. ಅದನ್ನು ಇಳಿಸಲು ಮೂರೇ ದಾರಿಗಳು: ಸನ್ನಾಹವನ್ನು ಪೂರ್ತಿಯಾಗಿ ಬಿಟ್ಟುಬಿಡುವುದು, ಅದನ್ನು ನಾವೇ ಮಾಡಿಕೊಳ್ಳುವುದು, ಇಲ್ಲವೆ ಇತರರೊಡನೆ ಹಂಚಿಕೊಳ್ಳುವುದು.

ಮೊದಲನೆಯ ದಾರಿ

ಅಂಗಡಿಯವರು ‘ಜೀರೋ ಪಿ.ಸಿ.ಬಿ.’ ಎಂದು ಕರೆಯುವ ಹಲಗೆಯಲ್ಲಿ 2.54 ಮಿಲಿಮೀಟರು, ಎಂದರೆ ಅಂಗುಲದ ಹತ್ತನೆಯ ಒಂದು ಭಾಗದ ಅಂತರದಲ್ಲಿ ಸಾಲುಸಾಲಾಗಿ ರಂಧ್ರಗಳಿರುತ್ತವೆ. ಒಂದೊಂದರ ಸುತ್ತಲೂ ತಾಮ್ರದ ಪುಟ್ಟ ಬಿಲ್ಲೆ. ಭಾಗಗಳ ಕಾಲುಗಳನ್ನು ಅವುಗಳಲ್ಲಿ ತೂರಿಸಿ, ಹಿಂಬದಿಯಲ್ಲಿ ತುಂಡು ತಂತಿಗಳಿಂದ ಬೆಸೆಯಬಹುದು. ನಮ್ಮ ವಿದ್ಯಾರ್ಥಿನಿಯ ಉಪಕರಣಕ್ಕೆ ಇದು ಧಾರಾಳವಾಗಿ ಸಾಕು. ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ಸಿಗುವ ಹಳೆಯ ಸಲಕರಣೆಗಳಿಂದ ಬಿಚ್ಚಿದ ಭಾಗಗಳೂ ಇದರ ಮೇಲೆ ಮತ್ತೆ ಬಾಳುವುದುಂಟು. ಆದರೆ ಜೋಡಣೆಗಳು ಮೂವತ್ತು ನಲವತ್ತನ್ನು ಮೀರಿದರೆ ಹಿಂಬದಿಯು ಸಿಕ್ಕಾಗುತ್ತದೆ. ಅದೇ ಮಂಡಲ ಐದು ಸಲ ಬೇಕಾದರೆ ಐದು ಸಲವೂ ಅದೇ ಶ್ರಮ.

ಎರಡನೆಯ ದಾರಿ

ಒಂದು ಮುಖಕ್ಕೆ ತಾಮ್ರದ ಹಾಳೆ ಅಂಟಿಸಿದ ಹಲಗೆಯನ್ನು ಕೊಂಡು, ಬೇಡವಾದ ತಾಮ್ರವನ್ನು ಕರಗಿಸಿಬಿಡುವುದು ಎರಡನೆಯ ಬಗೆ. ಬಾಟಿಕ್ ಬಟ್ಟೆಯಲ್ಲಿ ಮೇಣ ಹಚ್ಚಿದ ಕಡೆ ಬಣ್ಣ ಹತ್ತುವುದಿಲ್ಲವಲ್ಲವೇ? ಇಲ್ಲಿಯೂ ಹಾಗೆಯೇ: ಮುಚ್ಚಿದ ಕಡೆ ತಾಮ್ರ ಉಳಿಯುತ್ತದೆ, ತೆರೆದ ಕಡೆ ಕರಗುತ್ತದೆ. ಮುಚ್ಚಲು ಸುಲಭವಾದ ಸಾಧನ ಅಳಿಸಲಾಗದ ಮಸಿಯ ಮಾರ್ಕರ್ ಪೆನ್ನು. ಅದಕ್ಕಿಂತ ನಯವಾದುದು ಲೇಸರ್ ಮುದ್ರಣ. ಲೇಸರ್ ಮುದ್ರಣ ಯಂತ್ರದ ಮಸಿ ನಿಜವಾಗಿ ಮಸಿಯಲ್ಲ, ಪ್ಲಾಸ್ಟಿಕ್ಕಿನ ಪುಡಿ. ನುಣುಪು ಕಾಗದದ ಮೇಲೆ ಅಚ್ಚಾದ ಚಿತ್ರವನ್ನು ಉಜ್ಜಿ ಶುಚಿಮಾಡಿದ ತಾಮ್ರಕ್ಕೆ ಒತ್ತಿ, ಇಸ್ತ್ರಿಪೆಟ್ಟಿಗೆಯಿಂದ ಬಿಸಿಮಾಡಿದರೆ ಆ ಪುಡಿ ಕರಗಿ ತಾಮ್ರಕ್ಕೆ ಅಂಟುತ್ತದೆ. ಕಾಗದವನ್ನು ನೀರಿನಲ್ಲಿ ನೆನೆಸಿ ಮೆಲ್ಲಗೆ ತೆಗೆಯಬೇಕು. ಚಿತ್ರವು ಎಡಬಲ ತಿರುವುಮುರುವಾಗಿ ಬೀಳುವುದೆಂಬುದನ್ನು ಮಾತ್ರ ಮರೆಯಬಾರದು. ಹತ್ತಿಪ್ಪತ್ತು ಫಲಕಗಳಿಗಾದರೆ ಮದುವೆಯ ಕರೆಯೋಲೆಗಳನ್ನು ಅಚ್ಚುಮಾಡುವಂತಹ ಪರದೆಯ ಮುದ್ರಣವೂ ಒದಗುತ್ತದೆ.

ಬಳಿಕ ಫಲಕವನ್ನು ಫೆರಿಕ್ ಕ್ಲೋರೈಡಿನ ಕಂದು ದ್ರಾವಣದಲ್ಲಿ ಮುಳುಗಿಸುತ್ತಾರೆ. ಒಂದೊಂದು ಫೆರಿಕ್ ಅಯಾನೂ ತಾಮ್ರದಿಂದ ಒಂದು ಎಲೆಕ್ಟ್ರಾನನ್ನು ಕಸಿದುಕೊಂಡು ಫೆರಸ್ ಅಯಾನಾಗುತ್ತದೆ. ಎರಡು ಎಲೆಕ್ಟ್ರಾನುಗಳನ್ನು ಕಳೆದುಕೊಂಡ ತಾಮ್ರದ ಪರಮಾಣು ಹಲಗೆಯನ್ನು ಬಿಟ್ಟು ದ್ರಾವಣಕ್ಕೆ ಇಳಿಯುತ್ತದೆ. ಕೊನೆಗೆ 0.8 ಅಥವಾ 1 ಮಿಲಿಮೀಟರಿನ ರಂಧ್ರಗಳನ್ನು ಕೊರೆದರೆ ಫಲಕ ಸಿದ್ಧ.

ಉಳಿದ ತಾಮ್ರದ ಹಾಳೆಯ ದಪ್ಪ ಸಾಮಾನ್ಯವಾಗಿ 35 ಮೈಕ್ರಾನು, ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಮೂವತ್ತೈದು ಭಾಗ. ಇಷ್ಟು ತೆಳುವಾದುದರಲ್ಲಿ ವಿದ್ಯುತ್ತು ಸರಾಗವಾಗಿ ಹರಿದೀತೇ ಎಂಬ ಸಂದೇಹ ಸಹಜ. 1 ಮಿಲಿಮೀಟರು ಅಗಲ, 10 ಸೆಂಟಿಮೀಟರು ಉದ್ದದ ಪಟ್ಟಿಯ ರೋಧ ಓಮಿನ ಇಪ್ಪತ್ತರಲ್ಲೊಂದು ಭಾಗದಷ್ಟು ಮಾತ್ರ, ಆದುದರಿಂದ ಅಂಜಬೇಕಾದುದಿಲ್ಲ. ಮನೆಯ ವಿಧಾನದಲ್ಲಿ ಅರ್ಧ ಮಿಲಿಮೀಟರಿನ ಗೆರೆಗಳು ಚೆನ್ನಾಗಿ ಮೂಡುತ್ತವೆ. ಅದಕ್ಕಿಂತ ಬಹಳ ಸಣ್ಣ ಗೆರೆಗಳಿಗೆ ಕಾರ್ಖಾನೆಯೇ ಬೇಕು.

ಲೆಕ್ಕಕ್ಕೆ ಬಾರದ ಬೆಲೆ

ಇಲ್ಲಿ ಅಗ್ಗವೆಂಬ ಮಾತನ್ನು ಸ್ವಲ್ಪ ತಡೆದು ವಿಚಾರಮಾಡಬೇಕು. 7 ಸೆಂಟಿಮೀಟರು ಅಗಲ, 10 ಸೆಂಟಿಮೀಟರು ಉದ್ದದ ಹಲಗೆಯ ಮೇಲೆ ಸುಮಾರು 2.2 ಗ್ರಾಂ ತಾಮ್ರವಿರುತ್ತದೆ. ಅದರಲ್ಲಿ ನೂರಕ್ಕೆ ಎಂಬತ್ತು ಭಾಗ ಕರಗಿದರೆ ದ್ರಾವಣಕ್ಕೆ ಸೇರುವುದು 1.75 ಗ್ರಾಂ. ಕುಡಿಯುವ ನೀರಿನಲ್ಲಿ ತಾಮ್ರ ಲೀಟರಿಗೆ 0.05 ಮಿಲಿಗ್ರಾಂ ಮೀರದಿರುವುದು ಒಳ್ಳೆಯದೆಂದು ಭಾರತೀಯ ಮಾನಕ ಬ್ಯೂರೋ ಹೇಳುತ್ತದೆ. ಬೇರೆ ನೀರು ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಸಹಿಸಬಹುದು. ಈಗ ಭಾಗಿಸಿ ನೋಡಿ. ನಮ್ಮ ಒಂದೇ ಫಲಕದ ತಾಮ್ರವು 35,000 ಲೀಟರು ನೀರನ್ನು ಮೊದಲನೆಯ ಮಿತಿಗೆ ಮುಟ್ಟಿಸಬಲ್ಲದು. ಬೇಸಗೆಯಲ್ಲಿ ನಮ್ಮ ಬೀದಿಗಳಿಗೆ ಬರುವ 6,000 ಲೀಟರಿನ ಟ್ಯಾಂಕರುಗಳಲ್ಲಿ ಇದು ಹೆಚ್ಚುಕಡಮೆ ಆರು! ನೀರನ್ನು ಉಳಿಸಲು ಹೊರಟ ಉಪಕರಣವು ನೀರನ್ನು ಕೆಡಿಸುವುದಾದರೆ ಅದಕ್ಕಿಂತ ವ್ಯರ್ಥವಾದ ಕೆಲಸ ಯಾವುದು?

ಮೀನಿಗೂ ನೀರಿನ ಪಾಚಿಗೂ ತಾಮ್ರವು ಮನುಷ್ಯನಿಗಿಂತ ಹೆಚ್ಚು ವಿಷಕರ. ಹಲಸೂರಿನ ಕೆರೆಯಿಂದ ಹರಿದ ನೀರು ಬೆಳ್ಳಂದೂರು, ವರ್ತೂರುಗಳ ಕೆರೆಗಳನ್ನು ಹಾಯ್ದು ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ. 2016ರ ಮಾರ್ಚಿಯಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದವು. ಅದಕ್ಕೆ ಕಾರಣ ತಾಮ್ರವಲ್ಲ. ಕೊಳಚೆ ನೀರು ಸೇರಿ ಆಮ್ಲಜನಕ ಕುಗ್ಗಿದುದು. ಆದರೂ ಚರಂಡಿಗೆ ಸುರಿದದ್ದು ಎಲ್ಲಿ ಹೋಗಿ ಸೇರುತ್ತದೆಂಬುದಕ್ಕೆ ಅದು ಸಾಕ್ಷಿ.

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದಾಗಿ, ಚಿತ್ರ ಬರೆಯುವಾಗಲೇ ಗೆರೆಗಳ ನಡುವಿನ ಖಾಲಿ ಜಾಗದಲ್ಲಿ ತಾಮ್ರವನ್ನು ಉಳಿಸಿಕೊಳ್ಳಬೇಕು. ಎಂಬತ್ತರ ಬದಲು ಇಪ್ಪತ್ತು ಭಾಗ ಕರಗಿಸಿದರೆ ತ್ಯಾಜ್ಯವೂ ಕಾಲುಭಾಗ, ದ್ರಾವಣದ ಖರ್ಚೂ ಕಾಲುಭಾಗ. ಎರಡನೆಯದಾಗಿ, ಒಂದೇ ದ್ರಾವಣವನ್ನು ಅದರ ಶಕ್ತಿ ಕುಂದುವವರೆಗೂ ಹಲವು ಫಲಕಗಳಿಗೆ ಬಳಸಬೇಕು. ಮೂರನೆಯದಾಗಿ, ಸವೆದ ದ್ರಾವಣದಲ್ಲಿ ಕಬ್ಬಿಣದ ಚೂರುಗಳನ್ನು ಹಾಕಿಟ್ಟರೆ ಕಬ್ಬಿಣ ಕರಗಿ ತಾಮ್ರವು ಕೆಂಪು ಮಡ್ಡಿಯಾಗಿ ಕೆಳಗೆ ಕೂರುತ್ತದೆ. ಉಳಿದುದಕ್ಕೆ ಒಗೆಯುವ ಸೋಡವನ್ನು ಸ್ವಲ್ಪಸ್ವಲ್ಪವಾಗಿ ಸೇರಿಸಿ ಆಮ್ಲತೆಯನ್ನು ಕಳೆದು, ತಳದ ಬಗ್ಗಡವನ್ನು ಒಣಗಿಸಿ, ಮುಚ್ಚಿದ ಡಬ್ಬಿಯಲ್ಲಿ ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಶಾಲೆಯ ಮೂಲಕ ಅಪಾಯಕರ ತ್ಯಾಜ್ಯವಾಗಿ ವಿಲೇವಾರಿ ಮಾಡಿಸಬೇಕು. ಈ ಕೆಲಸಗಳನ್ನೆಲ್ಲ ಗಾಳಿಯಾಡುವ ಸ್ಥಳದಲ್ಲಿ, ಪ್ಲಾಸ್ಟಿಕ್ ಪಾತ್ರೆಯಲ್ಲಿ, ಕೈಗವಸು ಕನ್ನಡಕಗಳನ್ನು ಧರಿಸಿ, ಅಧ್ಯಾಪಕರ ಎದುರಿನಲ್ಲಿಯೇ ಮಾಡತಕ್ಕದ್ದು. ಅಡಿಗೆಯ ಪಾತ್ರೆಗಳನ್ನು ಇದರ ಬಳಿಗೆ ತರಲೇಬಾರದು.

ಮೂರನೆಯ ದಾರಿ

ಸನ್ನಾಹವನ್ನು ಹಂಚಿಕೊಳ್ಳುವುದು ಮೂರನೆಯ ಬಗೆ. ಒಂದು ತರಗತಿಯ ಐವರು ಸ್ನೇಹಿತರಿಗೆ ಐದು ಬೇರೆಬೇರೆ ಫಲಕಗಳು, ತಲಾ ಎರಡು ಪ್ರತಿ, ಬೇಕಾಗಿವೆ ಎನ್ನೋಣ. ಮೇಲಿನ ಲೆಕ್ಕದಂತೆ ಒಬ್ಬೊಬ್ಬರೇ ಹೋದರೆ ತಲೆಗೆ 1,040 ರೂಪಾಯಿ. ಐದೂ ಚಿತ್ರಗಳನ್ನು ಒಂದೇ ದೊಡ್ಡ ಹಲಗೆಯಲ್ಲಿ ಜೋಡಿಸಿ ಒಂದೇ ಸನ್ನಾಹದಲ್ಲಿ ಮಾಡಿಸಿದರೆ ಒಟ್ಟು 1,200, ತಲೆಗೆ 240. ಚೀನಾದ ಶೆನ್‌ಜೆನ್ನಿನ ಕಾರ್ಖಾನೆಗಳು ಲೋಕದ ಮೂಲೆಮೂಲೆಯ ಸಣ್ಣ ಬೇಡಿಕೆಗಳನ್ನು ಅಗ್ಗವಾಗಿ ಪೂರೈಸುವ ಗುಟ್ಟೂ ಇದೇ: ಅಪರಿಚಿತರ ಚಿತ್ರಗಳನ್ನು ಒಂದೇ ಹಲಗೆಯ ಮೇಲೆ ಸೇರಿಸುವುದು. ಆದರೆ ಅಲ್ಲಿಂದ ತರಿಸುವ ಸಾಗಣೆ ಮತ್ತು ಸುಂಕ ಫಲಕದ ಬೆಲೆಯನ್ನೇ ಮೀರುವುದುಂಟು. ಚಿತ್ರ ರಚಿಸಲು ಹಣ ತೆರಬೇಕಾಗಿಲ್ಲ. ಫ್ರಾನ್ಸಿನ ಜೀನ್ ಪಿಯರ್ ಶರಾ 1992ರಲ್ಲಿ ಆರಂಭಿಸಿದ ಕೈಕ್ಯಾಡ್ ಎಂಬ ತಂತ್ರಾಂಶವು ಎಲ್ಲರಿಗೂ ಉಚಿತ.

ಯಂತ್ರಗಳನ್ನೂ ಹೀಗೆಯೇ ಹಂಚಿಕೊಳ್ಳಬಹುದು. 2010ರ ದಶಕದಲ್ಲಿ ಹಲಸೂರು ಮೆಟ್ರೋ ನಿಲ್ದಾಣದ ಕೆಳಗೆ ವರ್ಕ್‌ಬೆಂಚ್ ಪ್ರಾಜೆಕ್ಟ್ಸ್ ಎಂಬ ಸಾಮೂಹಿಕ ಕಾರ್ಯಾಗಾರ ನೆಲೆಗೊಂಡಿತು. ಒಬ್ಬ ವಿದ್ಯಾರ್ಥಿ ಕೊಳ್ಳಲಾಗದ ಯಂತ್ರಗಳನ್ನು ಹಲವರು ಸೇರಿ ಬಳಸುವುದೇ ಇಂತಹ ಸ್ಥಳಗಳ ಉದ್ದೇಶ. ಇಂತಹ ಕಾರ್ಯಾಗಾರಗಳಲ್ಲಿ ಬಳಸುವ ಪುಟ್ಟ ಮಿಲ್ಲಿಂಗ್ ಯಂತ್ರವು ಸೂಜಿಯಂತಹ ಅಲಗಿನಿಂದ ತಾಮ್ರವನ್ನು ಕೆರೆದು ಗೆರೆಗಳನ್ನು ಬೇರ್ಪಡಿಸುತ್ತದೆ. ದ್ರಾವಣವೇ ಬೇಕಿಲ್ಲ, ಆದರೆ ಹಲಗೆಯ ಗಾಜಿನ ನಾರಿನ ಧೂಳು ಉಸಿರಿಗೆ ಸೇರದಂತೆ ಎಚ್ಚರ ವಹಿಸಬೇಕು.

ಇಷ್ಟನ್ನು ತಿಳಿದಮೇಲೆ ನಮ್ಮ ವಿದ್ಯಾರ್ಥಿನಿಯು ಏನು ಮಾಡಬೇಕು? ಮೊದಲನೆಯ ಉಪಕರಣಕ್ಕೆ ಜೀರೋ ಪಿ.ಸಿ.ಬಿ. ಸಾಕು. ನೆರೆಹೊರೆಯ ನಾಲ್ಕೈದು ಮನೆಗಳವರು ತಮಗೂ ಬೇಕೆಂದರೆ, ಮೇಲೆ ಹೇಳಿದ ಎಚ್ಚರಿಕೆಗಳೊಡನೆ ಪ್ರಯೋಗಶಾಲೆಯಲ್ಲಿ ತಾಮ್ರ ಕರಗಿಸಬಹುದು. ಇಡೀ ಬೀದಿಯೇ ಕೇಳಿದರೆ ಕಾರ್ಖಾನೆಗೆ ಹೋಗುವುದೇ ಲೇಸು. ಸಿದ್ಧಪಡಿಸಿದ ಉಪಕರಣವನ್ನು ಅಂಗಡಿಯಲ್ಲಿ ಕೊಂಡು ತರುವುದು ಇವೆಲ್ಲಕ್ಕಿಂತ ಸುಲಭವಿರಬಹುದು. ಆದರೆ ಅದು ಕೆಟ್ಟ ದಿನ ಅದನ್ನು ಬಿಚ್ಚಿ, ಯಾವ ಗೆರೆ ಎಲ್ಲಿಂದ ಎಲ್ಲಿಗೆ ಹೋಗಿದೆಯೆಂದು ಬೆರಳಿಟ್ಟು ತೋರಿಸಬಲ್ಲವಳು, ಆ ಗೆರೆಯನ್ನು ಒಮ್ಮೆ ತಾನೇ ಎಳೆದವಳು.