ಹುಳು ಕೊಲ್ಲುವ ಬೂಸಿನ ವಂಶಾವಳಿ

ಮಕ್ಕಳೇ, ಉಪ್ಪಿನಕಾಯಿ ಭರಣಿಯಲ್ಲಿ ಬೂಸು ಕಂಡರೆ ಅಜ್ಜಿ ಮುಖ ಸಿಂಡರಿಸುತ್ತಾರೆ. ಆದರೆ ಎಲ್ಲ ಬೂಸೂ ಕೆಟ್ಟದ್ದಲ್ಲ. ಹಳಿಯಾಳ, ಮುಂಡಗೋಡದ ಕಡೆ ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಗೋವಿನಜೋಳದ ಹೊಲಕ್ಕೆ ಹೋದಾಗ ಕಣ್ಣಿಟ್ಟು ನೋಡಿ. ಎಲೆಗೆ ಗಟ್ಟಿಯಾಗಿ ಅಂಟಿಕೊಂಡೇ ಸತ್ತಿರುವ ಹುಳು ಕಾಣಬಹುದು. ಮೈಮೇಲೆ ಮೊದಲು ಹತ್ತಿಯಂಥ ಬಿಳಿ ಪದರ, ಆಮೇಲೆ ಹಸಿರು ಪುಡಿ. ಅದನ್ನು ಕೊಂದದ್ದು ಔಷಧವಲ್ಲ, ಒಂದು ಶಿಲೀಂಧ್ರ. ಅಂದರೆ ಬೂಸಿನ ಬಳಗದ ಜೀವಿ. ಹೆಸರು ಮೆಟರೈಝಿಯಂ ರಿಲೆಯಿ.

ಇದರ ಕೆಲಸ ನಿಧಾನ, ಆದರೆ ಪಕ್ಕಾ. ಕಣ್ಣಿಗೆ ಕಾಣದ ಬೀಜಕಣವೊಂದು ಹುಳುವಿನ ಚರ್ಮಕ್ಕೆ ಅಂಟುತ್ತದೆ. ತೇವ ಸಿಕ್ಕರೆ ಮೊಳೆಯುತ್ತದೆ. ಚರ್ಮವನ್ನು ಕರಗಿಸಿ, ಚುಚ್ಚಿ ಒಳಗಿಳಿಯುತ್ತದೆ. ಹುಳು ಮೇವು ಬಿಟ್ಟು ಕೆಲವೇ ದಿನಗಳಲ್ಲಿ ಸಾಯುತ್ತದೆ. ಆಗ ಶಿಲೀಂಧ್ರ ಹೊರಬಂದು ಹೊಸ ಬೀಜಕಣಗಳನ್ನು ಗಾಳಿಗೆ ತೂರುತ್ತದೆ.

ಈ ಬಳಗದ ಇನ್ನೊಬ್ಬ ಸದಸ್ಯನನ್ನು ನಮ್ಮ ರೇಷ್ಮೆ ಬೆಳೆಗಾರರು ಚೆನ್ನಾಗಿ ಬಲ್ಲರು. ರೇಷ್ಮೆಹುಳು ಸುಣ್ಣದ ಕಡ್ಡಿಯಂತೆ ಬೆಳ್ಳಗೆ ಸೆಟೆದು ಸಾಯುವ ಸುಣ್ಣಕಟ್ಟು ರೋಗಕ್ಕೆ ಅದೇ ಕಾರಣ. ಇಟಲಿಯ ಅಗಸ್ಟಿನೊ ಬಾಸಿ ಎಂಬವರು 1835ರಲ್ಲಿ ಇದನ್ನು ತೋರಿಸಿಕೊಟ್ಟರು. ಅವರ ನೆನಪಿಗೆ ಆ ಶಿಲೀಂಧ್ರಕ್ಕೆ ಬೊವೇರಿಯಾ ಬಾಸಿಯಾನಾ ಎಂದು ಹೆಸರಾಯಿತು. ರೇಷ್ಮೆ ಮನೆಯಲ್ಲಿ ಶತ್ರು, ಹೊಲದಲ್ಲಿ ಮಿತ್ರ! ಹಾಗಾಗಿ ಯಾವುದು ಯಾರೆಂದು ಸರಿಯಾಗಿ ಗುರುತಿಸುವುದು ಮುಖ್ಯ.

ಗುರುತಿಸುವುದು ಹೇಗೆ? ಕಣ್ಣಿಗೆ ಎಲ್ಲವೂ ಬಿಳಿ, ಇಲ್ಲವೇ ಹಸಿರು ಪುಡಿ. ವಿಜ್ಞಾನಿಗಳು ಓದುವುದು ಅವುಗಳ ಒಳಗಿನ ಪುಸ್ತಕವನ್ನು.

ಅಂಬಿಕಾನಗರದ ನಾಗಝರಿ ವಿದ್ಯುದಾಗಾರದ ಹೆಸರು ನೀವು ಕೇಳಿರುತ್ತೀರಿ. ಕಾಳಿ ನದಿಯ ನೀರಿನಿಂದ ಅಲ್ಲಿ ಕರೆಂಟು ಹುಟ್ಟುತ್ತದೆ. ನಮ್ಮ ದೇಹದ ಜೀವಕೋಶಗಳಲ್ಲೂ ಇಂಥ ಪುಟಾಣಿ ಶಕ್ತಿಕೇಂದ್ರಗಳಿವೆ. ಅವೇ ಮೈಟೋಕಾಂಡ್ರಿಯಾ. ನೂರು ಕೋಟಿ ವರ್ಷಗಳಿಗೂ ಹಿಂದೆ ಇವು ಸ್ವತಂತ್ರ ಬ್ಯಾಕ್ಟೀರಿಯಾಗಳಾಗಿದ್ದವು. ಇನ್ನೊಂದು ಜೀವಕೋಶದೊಳಗೆ ಬಾಡಿಗೆಗೆ ಬಂದವು ಮನೆಯವರೇ ಆಗಿಬಿಟ್ಟವು. ತಮ್ಮ ಸಾಮಾನಿನ ಬಹುಪಾಲನ್ನು ಮನೆಯೊಡೆಯನಿಗೆ ಒಪ್ಪಿಸಿದರೂ ಒಂದು ಕಿರುಪುಸ್ತಕವನ್ನು ಮಾತ್ರ ತಮ್ಮಲ್ಲೇ ಉಳಿಸಿಕೊಂಡವು. ಅದು ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳಲ್ಲಿ ಬರೆದ ಡಿಎನ್‌ಎ.

ಮನುಷ್ಯರಲ್ಲಿ ಈ ಪುಸ್ತಕ ತಾಯಿಯಿಂದ ಮಕ್ಕಳಿಗೆ ಬರುತ್ತದೆ. ಅಮ್ಮನಿಗೆ ಅವರ ಅಮ್ಮ ಕೊಟ್ಟದ್ದು. ಹಾಗಾಗಿ ಈ ಪತ್ರಿಕೆಯನ್ನು ನಿಮ್ಮ ಜೊತೆ ಕೂತು ಓದುತ್ತಿರುವವರು ಅಮ್ಮನ ಅಮ್ಮನಾಗಿದ್ದರೆ, ನಿಮ್ಮಿಬ್ಬರಲ್ಲಿರುವುದೂ ಹೆಚ್ಚುಕಡಿಮೆ ಒಂದೇ ಪುಸ್ತಕ!

ಈಗ ಒಂದು ಲೆಕ್ಕ. ಬಂಗೂರನಗರದ ಕಾಗದ ಕಾರ್ಖಾನೆಯ ಹಾಳೆಗಳಲ್ಲಿ ಈ ಪುಸ್ತಕಗಳನ್ನು ಬರೆಯೋಣ, ಪುಟಕ್ಕೆ 1,000 ಅಕ್ಷರದಂತೆ. ಮನುಷ್ಯನದು 16,569 ಅಕ್ಷರ, ಅಂದರೆ 17 ಪುಟ. ಮೆಟರೈಝಿಯಂ ಬಳಗದ ಅನಿಸೋಪ್ಲಿಯೇ ಎಂಬುದರದು 24,673 ಅಕ್ಷರ, 25 ಪುಟ. ಬೊವೇರಿಯಾದು ಸುಮಾರು 30 ಪುಟ.

ಇವರ ಬಂಧು ಇನ್ನೊಂದಿದೆ. ಮುಂಡಗೋಡದಲ್ಲಿ 1966ರಿಂದ ಟಿಬೆಟಿಯನ್ನರ ಕಾಲೊನಿ ಇದೆಯಲ್ಲ, ಅವರ ಭಾಷೆಯಲ್ಲಿ ಇದರ ಹೆಸರು ಯಾರ್ಸಾ ಗುಂಬು. ಹಾಗೆಂದರೆ ‘ಬೇಸಿಗೆಯಲ್ಲಿ ಹುಲ್ಲು, ಚಳಿಗಾಲದಲ್ಲಿ ಹುಳು’. ಟಿಬೆಟ್ ಮತ್ತು ಹಿಮಾಲಯದ ಎತ್ತರದ ಹುಲ್ಲುಗಾವಲುಗಳಲ್ಲಿ ಮಣ್ಣಿನೊಳಗಿನ ಮರಿಹುಳುವನ್ನು ಕೊಂದು, ಅದರ ತಲೆಯಿಂದ ಕಡ್ಡಿಯಂತೆ ಮೇಲೇಳುವ ಶಿಲೀಂಧ್ರ ಇದು. ಇದರ ಕಿರುಪುಸ್ತಕ ಎಷ್ಟು ದೊಡ್ಡದು ಗೊತ್ತೇ? 1,57,000 ಅಕ್ಷರಕ್ಕೂ ಹೆಚ್ಚು. ನಮ್ಮ ಲೆಕ್ಕದಲ್ಲಿ 150 ಪುಟ ದಾಟುತ್ತದೆ!

ಹಾಗಾದರೆ ಅದಕ್ಕೆ ಹೆಚ್ಚಿನ ವಿದ್ಯೆ ಇದೆಯೇ? ಇಲ್ಲ. ಶಕ್ತಿ ತಯಾರಿಕೆಗೆ ಬೇಕಾದ ಮುಖ್ಯ ಪಾಠಗಳು ಮೂರು ಶಿಲೀಂಧ್ರಗಳಲ್ಲೂ ಅವೇ 14. ಅವುಗಳ ಸಾಲೂ ಬಹುಮಟ್ಟಿಗೆ ಒಂದೇ. ಹೆಚ್ಚಿನ ಪುಟಗಳು ತುಂಬಿಕೊಂಡದ್ದು ಬೇರೆ ರೀತಿಯಲ್ಲಿ. ಅಜ್ಜಿಯ ಅಡುಗೆ ಪುಸ್ತಕದ ನಡುವೆ ಪತ್ರಿಕೆಯ ತುಂಡುಗಳು, ಚೀಟಿಗಳು ಸೇರಿಕೊಂಡು ಅದು ಉಬ್ಬುವುದಿಲ್ಲವೇ? ಇಲ್ಲೂ ಹಾಗೆಯೇ. ಇವುಗಳಿಗೆ ಇಂಟ್ರಾನ್ ಎನ್ನುತ್ತಾರೆ. ಪಾಠ ಓದುವಾಗ ಜೀವಕೋಶ ಈ ಚೀಟಿಗಳನ್ನು ತೆಗೆದಿಟ್ಟು ಓದಿಕೊಳ್ಳುತ್ತದೆ. ಕೆಲವು ಚೀಟಿಗಳಂತೂ ಬಲು ತುಂಟ. ಚೀಟಿ ಇಲ್ಲದ ಇನ್ನೊಂದು ಪ್ರತಿ ಎದುರಾದರೆ, ಅದೇ ಜಾಗದಲ್ಲಿ ಕತ್ತರಿ ಹಾಕಿಸಿ ತಮ್ಮ ನಕಲನ್ನು ಸೇರಿಸಿಬಿಡುತ್ತವೆ. ಯಾರ್ಸಾ ಗುಂಬುವಿನ ಪುಸ್ತಕದಲ್ಲಿ ಅರ್ಧಕ್ಕಿಂತ ಹೆಚ್ಚು ಇಂಥ ಚೀಟಿಗಳೇ.

ಪಾಠಗಳು ಸುಲಭಕ್ಕೆ ಬದಲಾಗುವುದಿಲ್ಲ, ಬದಲಾದರೆ ಶಕ್ತಿಕೇಂದ್ರವೇ ನಿಂತೀತು. ಆದರೆ ಚೀಟಿಗಳು ಬರುತ್ತವೆ, ಹೋಗುತ್ತವೆ. ಪಾಠಗಳ ನಡುವಿನ ಖಾಲಿ ಜಾಗದ ಅಕ್ಷರಗಳೂ ತಲೆಮಾರಿನಿಂದ ತಲೆಮಾರಿಗೆ ಬದಲಾಗುತ್ತವೆ. ಹಾಗಾಗಿ ಪಾಠಗಳನ್ನು ಹೋಲಿಸಿದರೆ ದೂರದ ನೆಂಟಸ್ತಿಕೆ ತಿಳಿಯುತ್ತದೆ. ಖಾಲಿ ಜಾಗಗಳನ್ನು ಹೋಲಿಸಿದರೆ ಒಂದೇ ಜಾತಿಯೊಳಗಿನ ಬೇರೆ ಬೇರೆ ಮನೆತನಗಳೂ ಗೊತ್ತಾಗುತ್ತವೆ.

ಇದರಿಂದ ರೈತರಿಗೇನು ಲಾಭ? ಅಮೆರಿಕ ಮೂಲದ ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲು ಕಂಡದ್ದು ನಮ್ಮ ಶಿವಮೊಗ್ಗದ ಗೋವಿನಜೋಳದಲ್ಲಿ, 2018ರಲ್ಲಿ. ನಮ್ಮ ರೈತರು ಅದನ್ನು ಲದ್ದಿ ಹುಳು ಎನ್ನುತ್ತಾರೆ. ಪರದೇಶದಿಂದ ಬಂದ ಈ ಹುಳುವನ್ನೂ ನಮ್ಮ ಹೊಲಗಳ ಮೆಟರೈಝಿಯಂ ರಿಲೆಯಿ ಬಿಡಲಿಲ್ಲ. ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಲದ್ದಿ ಹುಳು ಬರುವ ಎಷ್ಟೋ ಮೊದಲೇ ಈ ಶಿಲೀಂಧ್ರವನ್ನು ಬೆಳೆಸಿ, ಸೋಯಾಬೀನ್ ಮುಂತಾದ ಬೆಳೆಗಳ ಕೀಡೆಗಳ ಮೇಲೆ ಪ್ರಯೋಗಿಸಿದ್ದರು. ಆಗ ಇದರ ಹೆಸರು ನೊಮೂರಿಯಾ ರಿಲೆಯಿ ಎಂದಿತ್ತು. ಡಿಎನ್‌ಎ ಓದಿದ ಮೇಲೆ ಇದು ಮೆಟರೈಝಿಯಂ ಮನೆತನದ್ದೇ ಎಂದು ತಿಳಿದು, 2014ರಲ್ಲಿ ಹೆಸರು ಬದಲಾಯಿತು.

ಹೊಲಕ್ಕೆ ಸಿಂಪಡಿಸಿದ ಶಿಲೀಂಧ್ರವೇ ಹುಳುವನ್ನು ಕೊಂದಿತೋ, ಮೊದಲಿನಿಂದ ಮಣ್ಣಿನಲ್ಲಿದ್ದದ್ದೋ? ಇದಕ್ಕೆ ಉತ್ತರ ಹುಡುಕಲು ಈ ಕಿರುಪುಸ್ತಕದ ಖಾಲಿ ಜಾಗಗಳು ನೆರವಾಗುತ್ತವೆ. ಯಾವ ಮನೆತನ ನಮ್ಮ ಮಳೆ, ನಮ್ಮ ಮಣ್ಣಿಗೆ ಒಗ್ಗುತ್ತದೆ ಎಂದು ತಿಳಿದರೆ ವಿಷದ ಔಷಧಕ್ಕೆ ಸುರಿಯುವ ದುಡ್ಡು ಉಳಿದೀತು.

ಅಜ್ಜಂದಿರಿಗೂ ಒಂದು ಮಾತು. ಬೆಳೆಯ ಬೂಸುರೋಗಕ್ಕೆ ಹೊಡೆಯುವ ಶಿಲೀಂಧ್ರನಾಶಕ ಈ ಮಿತ್ರ ಶಿಲೀಂಧ್ರವನ್ನೂ ಕೊಲ್ಲಬಹುದು. ಪಂಪು ಹೆಗಲಿಗೇರಿಸುವ ಮೊದಲು ಮೊಮ್ಮಕ್ಕಳ ಜೊತೆ ನಾಲ್ಕು ಸಾಲು ನಡೆದು ನೋಡಿ. ಬಿಳಿ, ಹಸಿರು ಪುಡಿ ಹಿಡಿದು ಸತ್ತ ಹುಳುಗಳು ತುಂಬ ಕಂಡರೆ ಆ ಹೊಲದಲ್ಲಿ ಕೆಲಸ ಆಗಲೇ ಶುರುವಾಗಿದೆ ಎಂದರ್ಥ. ಹುಳುಗಳನ್ನು ಎಣಿಸಿ ಬರೆದುಕೊಂಡು, ರೈತ ಸಂಪರ್ಕ ಕೇಂದ್ರದವರಿಗೆ ತೋರಿಸಿ ಸಲಹೆ ಕೇಳಿ. ಮಕ್ಕಳೇ, ನೀವು ಅವನ್ನು ಮುಟ್ಟಬೇಡಿ, ಕಿತ್ತು ಎಸೆಯಲೂ ಬೇಡಿ. ಅದೇ ಹುಳುವಿನ ಮೈಯಿಂದಲೇ ನಾಳೆಯ ಬೀಜಕಣಗಳು ಹಾರಬೇಕು.