ಭಾಗವತನ ಅಧಿಕಾರ ಮತ್ತು ಭಿನ್ನಾಭಿಪ್ರಾಯದ ಪರಿಹಾರ: ಬಡಗುತಿಟ್ಟಿನ ನೆಲೆಯಿಂದ ಒಂದು ವಿವೇಚನೆ

ಹಲವರ ಕೈಯಲ್ಲಿ ಬೆಳೆಯುವ ಕೃತಿಯಲ್ಲಿ ಕೊನೆಯ ಮಾತು ಯಾರದು ಎಂಬ ಪ್ರಶ್ನೆ ಜಾನಪದ ಅಧ್ಯಯನಕ್ಕೆ ಹೊಸದಲ್ಲ. ಮುಕ್ತ ತಂತ್ರಾಂಶಗಳ ಕ್ಷೇತ್ರದಲ್ಲಿ ಇದೇ ಪ್ರಶ್ನೆ ನಿರ್ವಾಹಕನ ಅಧಿಕಾರವನ್ನು ಕುರಿತ ಚರ್ಚೆಯಾಗಿ ಕಾಣಿಸಿಕೊಂಡಿದೆ. ಅಲ್ಲಿ ಮೂಲಪಠ್ಯವನ್ನು ಯಾರಾದರೂ ತಿದ್ದಬಹುದು. ಆ ತಿದ್ದುಪಡಿಯನ್ನು ಅಧಿಕೃತ ಪ್ರತಿಯೊಳಗೆ ಸೇರಿಸಿಕೊಳ್ಳಬೇಕೇ ಎಂಬುದನ್ನು ನಿರ್ವಾಹಕ ನಿರ್ಧರಿಸುತ್ತಾನೆ. ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಯಕ್ಷಗಾನ, ತಾಳಮದ್ದಳೆಗಳಲ್ಲಿ ಭಾಗವತನ ಸ್ಥಾನ ಇದಕ್ಕೆ ಸಮೀಪವಾದುದು.

ಪ್ರಸಂಗಪಠ್ಯದ ಎಲ್ಲ ಪದ್ಯಗಳೂ ಒಂದೇ ರಾತ್ರಿ ಹಾಡಲ್ಪಡುವುದಿಲ್ಲ. ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂಬ ವಿವೇಚನೆ ಭಾಗವತನದು. ಪ್ರಸಂಗಕರ್ತನು ಬಹುಪಾಲು ಗತಿಸಿದವನು. ಪಾರ್ತಿಸುಬ್ಬನ ಹೆಸರಿನ ರಾಮಾಯಣ ಪ್ರಸಂಗಗಳಲ್ಲಂತೂ ಕರ್ತೃತ್ವವೇ ವಿದ್ವಾಂಸರಲ್ಲಿ ವಿವಾದಕ್ಕೊಳಗಾಗಿದೆ. ಆದ್ದರಿಂದ ಪಠ್ಯದ ಮೇಲಿನ ಅಧಿಕಾರ ಬರೆದವನಿಗಿಂತ ನಡೆಸುವವನಲ್ಲಿ ನೆಲೆಗೊಂಡಿದೆ.

ಈ ಅಧಿಕಾರ ನಿರಂಕುಶವಲ್ಲ. ಪದ್ಯ, ರಾಗ, ತಾಳಗಳು ಭಾಗವತನ ಅಧೀನ. ಅರ್ಥವು ಪಾತ್ರಧಾರಿಯ ಸ್ವಾತಂತ್ರ್ಯ. ಕ್ಷೇತ್ರವಿಭಜನೆಯೇ ಕಲಹದ ಮೊದಲ ಪರಿಹಾರ. ಎರಡನೆಯದು, ಪ್ರದರ್ಶನಕ್ಕೆ ಮುಂಚೆ ಪ್ರಸಂಗದ ನಡೆಯನ್ನು ಕುರಿತು ನಡೆಯುವ ಸಮಾಲೋಚನೆ. ಮೂರನೆಯದು ರಂಗದಲ್ಲಿಯೇ ದೊರೆಯುವ ನಿರ್ಣಯ. ತಾಳಮದ್ದಳೆಯಲ್ಲಿ ಅರ್ಥಧಾರಿಗಳ ವಾದ ಹದ ಮೀರಿ ಬೆಳೆದಾಗ ಭಾಗವತ ಮುಂದಿನ ಪದ್ಯವನ್ನು ಎತ್ತಿಕೊಳ್ಳುತ್ತಾನೆ. ಮಾತು ಅಲ್ಲಿಗೆ ನಿಲ್ಲಬೇಕು. ಯಾರ ವಾದ ಸರಿ ಎಂದು ಆತ ತೀರ್ಪು ಕೊಡುವುದಿಲ್ಲ, ಕಥೆಯನ್ನು ಮುಂದುವರಿಸುತ್ತಾನೆ ಎಂಬುದು ಗಮನಾರ್ಹ.

ಈ ಮೂರರಿಂದಲೂ ಬಗೆಹರಿಯದ ಭಿನ್ನಾಭಿಪ್ರಾಯಕ್ಕೆ ಉಳಿಯುವ ದಾರಿ ಕವಲೊಡೆಯುವುದು. ಶಿವರಾಮ ಕಾರಂತರು ಪಿಟೀಲು, ಸ್ಯಾಕ್ಸೊಫೋನ್‌ಗಳನ್ನು ಬಳಸಿ, ಮಾತನ್ನು ಮೊಟಕುಗೊಳಿಸಿ ಪ್ರಯೋಗ ನಡೆಸಿದಾಗ ಸಂಪ್ರದಾಯನಿಷ್ಠರ ಆಕ್ಷೇಪ ಎದುರಾಯಿತು. ಪ್ರಯೋಗ ತನ್ನದೇ ತಂಡದಲ್ಲಿ ಬೆಳೆಯಿತು. ಮೇಳಗಳು ತಮ್ಮ ದಾರಿಯಲ್ಲಿ ಸಾಗಿದವು. ತಂತ್ರಾಂಶದಲ್ಲಿಯೂ ಇದಕ್ಕೆ ಸಾದೃಶ್ಯವುಂಟು. 1997ರಲ್ಲಿ ಜಿ.ಸಿ.ಸಿ. ಎಂಬ ಯೋಜನೆಯಿಂದ ಅತೃಪ್ತರು ಬೇರೆಯಾದರು. 1999ರಲ್ಲಿ ಅವರ ಕವಲೇ ಅಧಿಕೃತ ಯೋಜನೆಯೆಂದು ಅಂಗೀಕೃತವಾಯಿತು. ಪೈಥಾನ್ ಭಾಷೆಯ ಕರ್ತೃ ಗೀಡೊ ವಾನ್ ರೋಸಮ್ 2018ರಲ್ಲಿ, ತೀವ್ರ ವಿವಾದವೊಂದರ ಬಳಿಕ, ಅಂತಿಮ ನಿರ್ಣಯದ ಹೊಣೆಯಿಂದ ನಿವೃತ್ತರಾದರು. 2019ರಲ್ಲಿ ಐವರ ಚುನಾಯಿತ ಸಮಿತಿ ಆ ಸ್ಥಾನಕ್ಕೆ ಬಂದಿತು. ಬಿಟ್ಟುಹೋಗುವ ಸ್ವಾತಂತ್ರ್ಯ ಇತರರಿಗಿರುವುದರಿಂದಲೇ ನಿರ್ವಾಹಕನ ಅಧಿಕಾರ ಮನ್ನಣೆಯನ್ನು ಅವಲಂಬಿಸುತ್ತದೆ. ಒಂದು ತಿರುಗಾಟ ಮುಗಿದ ಮೇಲೆ ಮೇಳ ಬದಲಿಸಬಲ್ಲ ಕಲಾವಿದನ ಮುಂದೆ ಭಾಗವತನ ಸ್ಥಿತಿಯೂ ಇದೇ.

ಮುಖ್ಯ ವ್ಯತ್ಯಾಸವಿರುವುದು ದಾಖಲೆಯಲ್ಲಿ. ತಂತ್ರಾಂಶದಲ್ಲಿ ಯಾವ ಬದಲಾವಣೆ ಯಾರಿಂದ, ಯಾವಾಗ ಆಯಿತು ಎಂಬುದು ಉಳಿಯುತ್ತದೆ. ಕಾರಣಗಳ ಚರ್ಚೆಯೂ ಬಹುಮಟ್ಟಿಗೆ ಲಿಖಿತವಾಗಿರುತ್ತದೆ. ಯಕ್ಷಗಾನದಲ್ಲಿ ಪದ್ಯವೊಂದನ್ನು ಬಿಟ್ಟ ಕಾರಣ ಭಾಗವತನ ನೆನಪಿನಲ್ಲಿ ಮಾತ್ರ ಇರುತ್ತದೆ. ಶಿರಸಿ ಸೀಮೆಯ ನೆಬ್ಬೂರು ನಾರಾಯಣ ಭಾಗವತರು 2019ರಲ್ಲಿ, ಭಾಗವತರೂ ಪ್ರಸಂಗಕರ್ತರೂ ಆಗಿದ್ದ ಹೊಸ್ತೋಟ ಮಂಜುನಾಥ ಭಾಗವತರು 2020ರಲ್ಲಿ ನಿಧನರಾದರು. ಇಂಥವರ ಹಾಡುಗಾರಿಕೆ ಧ್ವನಿಮುದ್ರಣಗಳಲ್ಲಿ ಉಳಿಯಬಲ್ಲದು, ಆಯ್ಕೆಗಳ ಹಿಂದಿನ ತರ್ಕ ಹಾಗೆ ಉಳಿಯಲಾರದು.

ಪ್ರಸಂಗಗಳ ಸಂಪಾದನೆ ಈವರೆಗೆ ಪಾಠಾಂತರಗಳಿಗೆ ಹೆಚ್ಚಿನ ಗಮನ ಕೊಟ್ಟಿದೆ. ಅದರೊಡನೆ ರಂಗದಲ್ಲಿ ಕೈಬಿಟ್ಟ ಪದ್ಯಗಳನ್ನೂ, ಬಿಟ್ಟವರಿಂದಲೇ ಪಡೆದ ಕಾರಣಗಳನ್ನೂ ದಾಖಲಿಸಿದರೆ ಮುಂದಿನ ಭಾಗವತನಿಗೆ ದೊರೆಯುವುದು ಬರಿಯ ಪಠ್ಯವಲ್ಲ, ನಿರ್ಣಯದ ಪರಂಪರೆ.